ಏರುಪೇರು ಕಲ್ಲು, ಕೆಳಗೆ ಬಿಸಿನೀರಿನ ಪೈಪು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ. ಹಳೇ ಕಲ್ಲಿನ ಮನೆ. ಹುಟ್ಟಿದ್ದು ಕಲಬುರಗಿ ಜಿಲ್ಲೆ, ಹಾಗಾಗಿ ಕಾಲಡಿ ಫರ್ಸಿ (ಕಲ್ಲಿನ ಹಾಸು) ಇಲ್ಲದಿದ್ದರೆ ಅದು ಮನೆ ಅಂತಲೇ ಅನ್ನಿಸುವುದಿಲ್ಲ. ಊರಲ್ಲಿ ಬೇಸಿಗೆ ಬಂದರೆ ಶಹಾಬಾದ್ ಕಲ್ಲಿನ ಮೇಲೆ ನೀರು ಚಿಮುಕಿಸಿ ತಂಪಿಗೆ ಮಲಗುತ್ತಿದ್ದೆವು. ಇಲ್ಲಿ ಅದೇ ಸೀಮೆಯ ತಾಂಡೂರು ಕಲ್ಲನ್ನೇ ಅಡುಗೆಮನೆಗೆ ಹಾಕಿ, ಚಳಿಗೆ ನೆಲ ಬೆಚ್ಚಗಿರಲಿ ಅಂತ ಕೆಳಗೆ ಪೈಪಿನಲ್ಲಿ ಬಿಸಿನೀರು ಓಡಿಸುತ್ತಿದ್ದೇನೆ. ಮೊದಲ ಸಲ ಕೆಲಸದವರಿಂದ ಹಾಕಿಸಿದೆ, ಕೆಟ್ಟಿತು. ಎರಡನೇ ಸಲ ನಾನೇ ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಕೂತೆ. ಆಮೇಲಿನಿಂದ ಮನೆ ರಿಪೇರಿಗೆ ಕೈ ಹಾಕುವ ಪರಿಚಯದವರೆಲ್ಲ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ಕಡೆ ಬರೆದಿಡೋಣ ಅಂತ ಇದು.

ಏರುಪೇರು ಕಲ್ಲು ಅಂದರೆ ಯಾವುದು? ಎಲ್ಲ ಕಲ್ಲೂ ಸ್ವಲ್ಪ ಏರುಪೇರೇ ಅಲ್ವಾ?

ಹೌದು, ಆದರೆ ಏರುಪೇರಿನಲ್ಲಿ ಮೂರು ಬಗೆ ಇದೆ, ಅದನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಮೇಲ್ಮೈ ಏರುಪೇರು. ಕಲ್ಲನ್ನು ಪದರದ ಗುಂಟ ಸೀಳಿದಾಗ ಬರುವ ಆ ಅಲೆ ಅಲೆ ಮುಖ, ನಮಗೆ ಇಷ್ಟವಾಗುವುದೇ ಅದು. ಎರಡು, ದಪ್ಪ ಏರುಪೇರು. ಒಂದು ಚಪ್ಪಡಿ 18 ಮಿ.ಮೀ., ಪಕ್ಕದ್ದು 32. ಮೂರು, ಚಪ್ಪಡಿಯೇ ಹಪ್ಪಳದ ಹಾಗೆ ತಿರುಚಿರುವುದು. ಮೊದಲನೆಯದು ಅಂದ, ಎರಡನೆಯದು ಕೆಲಸ, ಮೂರನೆಯದು ತಲೆನೋವು. ತಿರುಚಿದ್ದನ್ನು ತೆಗೆದಿಟ್ಟು ಅಂಚಿಗೆ ಕತ್ತರಿಸಿ ಬಳಸಿ, ನಡುಮನೆಗೆ ಬೇಡ.

ಅಂಗಡಿಯಲ್ಲಿ ‘ಕ್ಯಾಲಿಬ್ರೇಟೆಡ್’ ಅಂತ ಮಾರುವುದು ಬೆನ್ನನ್ನು ಮಿಷಿನ್ನಿನಲ್ಲಿ ಉಜ್ಜಿ ಒಂದೇ ದಪ್ಪಕ್ಕೆ ತಂದದ್ದು. ಸ್ವಲ್ಪ ದುಬಾರಿ. ದುಡ್ಡಿದ್ದರೆ ಅದನ್ನೇ ತಗೊಳ್ಳಿ. ಕಲ್ಲಿನಲ್ಲಿ ಉಳಿಸಿದ ದುಡ್ಡು ಅಂಟಿನಲ್ಲೂ (ಪುಡಿಗೆ ನೀರು ಕಲಸಿ ಕಲ್ಲು ಹಿಡಿಸುವ ಸಿಮೆಂಟ್ ಅಂಟು) ಕೂಲಿಯಲ್ಲೂ ವಾಪಸ್ ಹೋಗುತ್ತದೆ. ನಾನು ಇದನ್ನು ತಡವಾಗಿ ಕಲಿತೆ.

ಕೆಳಗೆ ಬಿಸಿ ಇರುವಾಗ ಕಲ್ಲು ಹಾಕಬಹುದಾ?

ಹಾಕಬಹುದು. ಸುಮ್ನೆ ಹಾಕಬಹುದು ಅಂತಲ್ಲ, ಅದಕ್ಕಿಂತ ಒಳ್ಳೆಯ ಹಾಸು ಸಿಗುವುದು ಕಷ್ಟ. ಕಲ್ಲು ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ. 30 ಮಿ.ಮೀ. ಸುಣ್ಣಕಲ್ಲು ಬಿಸಿಗೆ ಒಡ್ಡುವ ತಡೆ 15 ಮಿ.ಮೀ. ಮರದ ಹಲಗೆ ಒಡ್ಡುವುದರ ಆರರಲ್ಲೊಂದು ಭಾಗದಷ್ಟು ಮಾತ್ರ.

ಇದೇನೂ ಹೊಸ ಉಪಾಯವೂ ಅಲ್ಲ. ಕಾಶ್ಮೀರದ ಹಳೇ ಮನೆಗಳ ಹಮಾಮ್ ಕೋಣೆಯಲ್ಲಿ ಕಲ್ಲಿನ ಚಪ್ಪಡಿಯ ಕೆಳಗೆ ಟೊಳ್ಳು ಬಿಟ್ಟು ಸೌದೆ ಉರಿಸುತ್ತಾರೆ. ಕೊರಿಯಾದ ಓಂಡಾಲ್ ನೆಲದಲ್ಲಿ ಒಲೆಯ ಹೊಗೆಯನ್ನು ಕಲ್ಲುಗಳ ಕೆಳಗೆ ಹಾಯಿಸುತ್ತಾರೆ, ಒಲೆಗೆ ಹತ್ತಿರ ದಪ್ಪ ಕಲ್ಲು, ದೂರ ಹೋದ ಹಾಗೆ ತೆಳು. ಆ ಏರುಪೇರನ್ನೆಲ್ಲ ಮೇಲಿಂದ ಮಣ್ಣು ಮೆತ್ತಿ ಮಟ್ಟ ಮಾಡುತ್ತಾರೆ. ನಮ್ಮದು ಉಲ್ಟಾ. ಮೇಲಿನ ಮುಖ ಕಾಣಬೇಕು, ಏರುಪೇರನ್ನು ಕೆಳಗೆ ಅಡಗಿಸಬೇಕು.

ಒಂದು ಕಲ್ಲು ದಪ್ಪ, ಒಂದು ತೆಳು. ಹಾಗಿದ್ದರೆ ಕಾಲಿಗೆ ಒಂದು ಬಿಸಿ, ಒಂದು ತಣ್ಣಗೆ ಹತ್ತಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಲ್ಲ, ಹತ್ತುವುದಿಲ್ಲ. ಲೆಕ್ಕ ಮಾಡಿ ನೋಡಿ. ಒಂದು ಚದರ ಮೀಟರಿಗೆ 60 ವ್ಯಾಟ್ ಬಿಸಿ ಏರುತ್ತಿದೆ ಅಂದುಕೊಳ್ಳಿ. 20 ಮಿ.ಮೀ. ಕಲ್ಲಿಗೂ 40 ಮಿ.ಮೀ. ಕಲ್ಲಿಗೂ ಮೇಲ್ಮೈಯಲ್ಲಿ ಬರುವ ವ್ಯತ್ಯಾಸ ಸುಮಾರು ಅರ್ಧ ಡಿಗ್ರಿ. ಕಾಲಿಗೆ ಗೊತ್ತೇ ಆಗುವುದಿಲ್ಲ. ಅದೂ ಅಲ್ಲದೆ ತೆಳು ಕಲ್ಲಿನ ಕೆಳಗೆ ಅಂಟು ಜಾಸ್ತಿ ಇರುತ್ತದೆ, ಹಾಗಾಗಿ ಒಟ್ಟು ದಪ್ಪ ಎಲ್ಲ ಕಡೆ ಒಂದೇ.

ತಣ್ಣಗೆ ಮಾಡುವುದು ಕಲ್ಲಲ್ಲ, ಗಾಳಿ. ಕಲ್ಲಿನ ಕೆಳಗೆ ಸಿಕ್ಕಿಕೊಂಡ 3 ಮಿ.ಮೀ. ಗಾಳಿ, 10 ಸೆಂಟಿಮೀಟರಿಗೂ ಜಾಸ್ತಿ ದಪ್ಪದ ಕಲ್ಲಿನಷ್ಟು ಬಿಸಿ ತಡೆಯುತ್ತದೆ. ನಮ್ಮನೆಯಲ್ಲಿ ಆದದ್ದು ಅದೇ. ಮೊದಲ ಚಳಿಗಾಲದಲ್ಲಿ ಹಿತ್ತಲ ಬಾಗಿಲ ಹತ್ತಿರ ಮೂರು ಚಪ್ಪಡಿ ಬಿಸಿಯಾಗಲೇ ಇಲ್ಲ. ಸೌಟಿನ ಹಿಡಿಯಿಂದ ತಟ್ಟಿದರೆ ಡಬ್ ಡಬ್ ಅಂತ ಖಾಲಿ ಡಬ್ಬಿಯ ಸದ್ದು. ಒಂದನ್ನು ಎಬ್ಬಿಸಿದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ರೊಟ್ಟಿ ಹಿಟ್ಟಿನ ಉಂಡೆಯಷ್ಟು ಅಂಟು, ಅಷ್ಟೇ. ಮಿಕ್ಕ ಬೆನ್ನೆಲ್ಲ ತೊಳೆದಿಟ್ಟ ತಾಟಿನ ಹಾಗೆ ಚೊಕ್ಕ. ಅದರ ಮೇಲೆ ಕ್ವಾರಿಯವರು ಬರೆದ ಸೀಮೆಸುಣ್ಣದ ಗುರುತು ಕೂಡ ಅಳಿಸಿರಲಿಲ್ಲ.

ಹಾಕಿದವರಿಗೆ ಬೈಯುವುದು ಸುಲಭ. ಆದರೆ ಅವರು ಹಾಗೆ ಯಾಕೆ ಮಾಡಿದರು ಅಂತ ಮುಂದೆ ಬರುತ್ತದೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಕಲ್ಲಿನ ಕೆಳಗೆ ಗಾಳಿ ಇರಬಾರದು.

ನೀರಿನ ಪೈಪಾ, ಕರೆಂಟ್ ಮ್ಯಾಟಾ?

ಇಡೀ ಮನೆಗೆ ಅಥವಾ ದೊಡ್ಡ ಕೋಣೆಗೆ ನೀರಿನ ಪೈಪು. ಸಾಮಾನ್ಯವಾಗಿ 16 ಮಿ.ಮೀ. ಪ್ಲಾಸ್ಟಿಕ್ ಪೈಪು, 150ರಿಂದ 200 ಮಿ.ಮೀ. ಅಂತರದಲ್ಲಿ, ಕೆಳಗೆ ಬಿಸಿ ಇಳಿದುಹೋಗದಂತೆ ಇನ್ಸುಲೇಶನ್, ಮೇಲೆ ಸ್ಕ್ರೀಡ್ ಅನ್ನುವ ಗಾರೆ. ಒಂದು ಬಾತ್‌ರೂಮಿಗೆ ಮಾತ್ರ ಬೇಕೆಂದರೆ ಕರೆಂಟ್ ಮ್ಯಾಟ್ (ಕರೆಂಟಿಗೆ ಕಾಯುವ ವೈರಿನ ಚಾಪೆ) ಸಾಕು, ಚದರ ಮೀಟರಿಗೆ 150 ವ್ಯಾಟಿನದು ಎಲ್ಲ ಕಡೆ ಸಿಗುತ್ತದೆ.

ಆದರೆ ಏರುಪೇರು ಕಲ್ಲಿಗೆ ಕರೆಂಟ್ ಮ್ಯಾಟ್ ಹಾಕುವಾಗ ಒಂದು ಎಚ್ಚರಿಕೆ. ಮ್ಯಾಟ್ ಮೇಲೆ ನೇರ ಅಂಟು ಬಳಿದು ಕಲ್ಲು ಕೂರಿಸಬೇಡಿ. ಇಪ್ಪತ್ತೈದು ಕಿಲೋ ಚಪ್ಪಡಿಯ ಮೂಲೆ ವೈರಿನ ಮೇಲೆ ಎಳೆದರೆ ವೈರು ಸೀಳುತ್ತದೆ. ವೈರಿನ ಸುತ್ತ ಗಾಳಿ ಉಳಿದರೆ ಅದು ಅಲ್ಲೇ ಕಾದು ಸುಟ್ಟುಹೋಗುತ್ತದೆ. ಮೊದಲು ಮ್ಯಾಟನ್ನು ಸುಮಾರು 10 ಮಿ.ಮೀ. ಸೆಲ್ಫ್ ಲೆವೆಲಿಂಗ್ (ತಾನೇ ಹರಿದು ಮಟ್ಟವಾಗುವ) ಗಾರೆಯಲ್ಲಿ ಪೂರ್ತಿ ಮುಳುಗಿಸಿ, ಅದು ಗಟ್ಟಿಯಾದ ಮೇಲೆ ಕಲ್ಲು. ಮೀಟರಿನಲ್ಲಿ ವೈರಿನ ರೆಸಿಸ್ಟೆನ್ಸ್ ಅನ್ನು ಮೂರು ಸಲ ಅಳೆಯಬೇಕು: ಹಾಸುವ ಮೊದಲು, ಗಾರೆ ಸುರಿದ ಮೇಲೆ, ಕಲ್ಲು ಹಾಕಿದ ಮೇಲೆ. ವೈರು ಜೋಡಿಸುವುದು ಎಲೆಕ್ಟ್ರಿಷಿಯನ್ ಕೆಲಸ, ನಮ್ಮದಲ್ಲ.

ಸ್ಕ್ರೀಡ್ ಎಷ್ಟು ದಪ್ಪ ಇರಬೇಕು? ಎಷ್ಟು ದಿನ ಒಣಗಬೇಕು?

ಸ್ಕ್ರೀಡ್ ಅಂದರೆ ಪೈಪಿನ ಮೇಲೆ ಹಾಸುವ ಗಾರೆ. ಮರಳು-ಸಿಮೆಂಟಿನದಾದರೆ 65ರಿಂದ 75 ಮಿ.ಮೀ. ಪೈಪಿನಲ್ಲಿ ನೀರು ತುಂಬಿ, ಒತ್ತಡ ಕೊಟ್ಟು, ಗೇಜ್ ನೋಡುತ್ತಲೇ ಹಾಸಬೇಕು. ಯಾರಾದರೂ ಸಲಿಕೆ ತಾಗಿಸಿದರೆ ಮುಳ್ಳು ಇಳಿಯುತ್ತದೆ, ಅಲ್ಲೇ ಗೊತ್ತಾಗುತ್ತದೆ.

ಒಣಗುವುದಕ್ಕೆ ಇಲ್ಲಿನ ಕೆಲಸಗಾರರ ಲೆಕ್ಕ ಹೀಗೆ: ಮೊದಲ 50 ಮಿ.ಮೀ. ದಿನಕ್ಕೊಂದು ಮಿಲಿಮೀಟರ್, ಅದರಾಚೆ ಎರಡು ದಿನಕ್ಕೊಂದು. ಅಂದರೆ 75 ಮಿ.ಮೀ. ಸ್ಕ್ರೀಡಿಗೆ 50 ಮತ್ತು 50, ನೂರು ದಿನ. ಹೌದು, ನೂರು. ಅದೂ ಕೋಣೆ ಬೆಚ್ಚಗಿದ್ದು ಗಾಳಿ ಆಡುತ್ತಿದ್ದರೆ. ಕೇಳಿದವರೆಲ್ಲ ಇಲ್ಲಿ ಒಂದು ನಿಮಿಷ ಸುಮ್ಮನಾಗುತ್ತಾರೆ. ಊರಲ್ಲಿ ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಕೆಲಸ ಶುರು ಮಾಡುವ ಹಾಗೆ ಇಲ್ಲಿ ಕ್ರಿಸ್‌ಮಸ್ ಇಟ್ಟುಕೊಂಡು ಶುರು ಮಾಡುತ್ತಾರೆ, ನವೆಂಬರಿನಲ್ಲಿ ಸ್ಕ್ರೀಡ್ ಸುರಿದು ಡಿಸೆಂಬರಿನಲ್ಲಿ ಕಲ್ಲು ಹಾಕಿ ಮಾರ್ಚಿನಲ್ಲಿ ನನಗೆ ಫೋನ್ ಮಾಡುತ್ತಾರೆ.

ದಿನ ಎಣಿಸಿದ್ದೇ ಸಾಕಾಗುವುದಿಲ್ಲ, ಅಳೆಯಬೇಕು. ಸ್ಕ್ರೀಡಿನ ಮೇಲೆ ಮುಚ್ಚಿದ ಡಬ್ಬಿಯಲ್ಲಿ ತೇವದ ಮೀಟರ್ ಇಟ್ಟರೆ ಅದು ಡಬ್ಬಿಯೊಳಗಿನ ಗಾಳಿಯ ತೇವವನ್ನು 75 ಪರ್ಸೆಂಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಬ್ರಿಟನ್ನಿನ ಮಾನದಂಡ ಅದೇ. ಹಸಿ ಸ್ಕ್ರೀಡಿನ ಮೇಲೆ ಕಲ್ಲು ಹಾಕಿದರೆ ತೇವ ಕಲ್ಲಿನ ಮೂಲಕವೇ ಮೇಲೆ ಬರುತ್ತದೆ, ಬರುವಾಗ ಉಪ್ಪನ್ನೂ ತರುತ್ತದೆ. ತಿಳಿ ಬಣ್ಣದ ಕಲ್ಲಿಗೆ ಕಂದು ಕಲೆ, ಸಂದಿಗೆ ಬಿಳಿ ಹುಡಿ. ಆ ಮೇಲೆ ಎಷ್ಟು ಉಜ್ಜಿದರೂ ಅಷ್ಟೇ.

ಕಂಟ್ರಾಕ್ಟರ್ ‘ಅನ್‌ಹೈಡ್ರೈಟ್’ ಸುರಿಯೋಣ, ಬೇಗ ಆಗುತ್ತೆ ಅಂತಿದ್ದಾರೆ. ಒಪ್ಪಲಾ?

ಒಪ್ಪಬಹುದು. ಅದು ಜಿಪ್ಸಮ್ ಜಾತಿಯ, ನೀರಿನಂತೆ ಹರಿಯುವ ಸ್ಕ್ರೀಡ್. ಪೈಪಿನ ಮೇಲೆ 30 ಮಿ.ಮೀ. ಇದ್ದರೂ ನಡೆಯುತ್ತದೆ, ಪೈಪನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ, ಬಿಸಿ ಚೆನ್ನಾಗಿ ದಾಟಿಸುತ್ತದೆ.

ಎರಡು ವಿಷಯ ಮಾತ್ರ ಬಿಡಬೇಡಿ. ಅದರ ಮೇಲೆ ಕಟ್ಟುವ ಹಾಲುಕೆನೆಯಂಥ ಪೊರೆಯನ್ನು ಉಜ್ಜಿ ತೆಗೆಯಲೇಬೇಕು. ಮತ್ತೆ ಸಿಮೆಂಟ್ ಅಂಟನ್ನು ಅದರ ಮೇಲೆ ನೇರ ಬಳಿಯಬಾರದು. ಜಿಪ್ಸಮ್ಮಿಗೂ ಸಿಮೆಂಟಿಗೂ ತೇವ ಸೇರಿದರೆ ನಡುವೆ ಎಟ್ರಿಂಗೈಟ್ ಅನ್ನುವ ಹರಳು ಬೆಳೆಯುತ್ತದೆ, ಅದು ಉಬ್ಬಿ ಅಂಟನ್ನು ಇಡೀ ಹಾಳೆಯಾಗಿ ಎಬ್ಬಿಸುತ್ತದೆ. ಕಲ್ಲಿಗೆ ಅಂಟು ಹಿಡಿದಿರುತ್ತದೆ, ಸ್ಕ್ರೀಡಿಗೆ ಹಿಡಿದಿರುವುದಿಲ್ಲ. ಎರಡರ ನಡುವೆ ತಡೆಯಾಗುವ ಸರಿಯಾದ ಪ್ರೈಮರ್ ಬಳಿಯಿರಿ, ಇಲ್ಲವೇ ಜಿಪ್ಸಮ್ ಅಂಟನ್ನೇ ತರಿಸಿ.

ಬಿಸಿಯನ್ನು ಮೊದಲ ಸಲ ಯಾವಾಗ ಹಚ್ಚಬೇಕು? ಕಲ್ಲು ಹಾಕಿದ ಮೇಲೆ ತಾನೆ?

ಅಲ್ಲ! ಕಲ್ಲು ಹಾಕುವ ಮೊದಲು. ಮರಳು-ಸಿಮೆಂಟ್ ಸ್ಕ್ರೀಡಿಗೆ ಕನಿಷ್ಠ 21 ದಿನ ಆಗಿರಬೇಕು, ಅನ್‌ಹೈಡ್ರೈಟಿಗೆ 7. ಆಮೇಲೆ ನೀರನ್ನು 25 ಡಿಗ್ರಿಗೆ ಇಟ್ಟು ಮೂರು ದಿನ. ಅಲ್ಲಿಂದ ನಿಧಾನಕ್ಕೆ, ದಿನಕ್ಕೆ 5 ಡಿಗ್ರಿಗಿಂತ ಜಾಸ್ತಿ ಏರಿಸದೆ, ನೀವು ಮುಂದೆ ಬಳಸಲಿರುವ ಗರಿಷ್ಠ ಬಿಸಿಯವರೆಗೆ. ಅಲ್ಲಿ ನಾಲ್ಕು ದಿನ. ಮತ್ತೆ ಹಾಗೇ ಇಳಿಸಿ.

ಯಾಕೆ ಅಂದರೆ ಸ್ಕ್ರೀಡ್ ಬಿರಿಯುವುದಿದ್ದರೆ ಈಗಲೇ ಬಿರಿಯಲಿ. ಈಗ ಬಿಟ್ಟ ಬಿರುಕು ಕಣ್ಣಿಗೆ ಕಾಣುತ್ತದೆ, ತುಂಬಬಹುದು. ಕಲ್ಲು ಹಾಕಿದ ಮೇಲೆ ಬಿಟ್ಟರೆ ಅದು ಕಲ್ಲಿನಲ್ಲೇ ಮೇಲೆ ಬರುತ್ತದೆ. ಕಲ್ಲು ಹಾಕುವ ಎರಡು ದಿನ ಮೊದಲು ಬಿಸಿ ಆರಿಸಿ. ತೀರಾ ಚಳಿಯಿದ್ದರೆ ನೆಲ 15 ಡಿಗ್ರಿ ದಾಟದಂತೆ ಇಡಿ. ಬೆಚ್ಚಗಿನ ನೆಲದ ಮೇಲೆ ಬಳಿದ ಅಂಟು ಕಲ್ಲು ಎತ್ತಿ ತರುವಷ್ಟರಲ್ಲಿ ಚರ್ಮ ಕಟ್ಟಿರುತ್ತದೆ.

ಸರಿ, ದಪ್ಪದ ವ್ಯತ್ಯಾಸ ಸರಿ ಮಾಡುವುದು ಹೇಗೆ?

ಇದು ಕೆಲಸದ ಹೊಟ್ಟೆ. ನಿಧಾನವಾಗಿ ಓದಿ.

ನನ್ನ ನೆಲ 24 ಚದರ ಮೀಟರ್, 600 ಮಿ.ಮೀ. ಚೌಕದ 74 ಚಪ್ಪಡಿ. ಎರಡನೇ ಸಲ ಹಾಕುವಾಗ ಎಲ್ಲವನ್ನೂ ಗ್ಯಾರೇಜಿನಲ್ಲಿ ಸಾಲಾಗಿ ನಿಲ್ಲಿಸಿ, ಕ್ಯಾಲಿಪರ್ ಹಿಡಿದು, ಪ್ರತಿ ಕಲ್ಲಿನ ನಾಲ್ಕೂ ಮೂಲೆ ಅಳೆದು ಸೀಮೆಸುಣ್ಣದಲ್ಲಿ ಬೆನ್ನ ಮೇಲೆ ಬರೆದೆ. ಅತಿ ತೆಳು 17, ಅತಿ ದಪ್ಪ 34. ಒಂದು ಕಲ್ಲಿನ ಒಂದು ಮೂಲೆ 21, ಎದುರು ಮೂಲೆ 29 ಇತ್ತು. ದಪ್ಪ, ನಡು, ತೆಳು ಅಂತ ಮೂರು ಗುಂಪು ಮಾಡಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಇಡೀ ಕೆಲಸದಲ್ಲಿ ಅತಿ ಲಾಭದ ಭಾನುವಾರ ಅದು.

ಮಟ್ಟವನ್ನು ತೀರ್ಮಾನಿಸುವುದು ಅತಿ ದಪ್ಪ ಕಲ್ಲು. ಅದರ ಕೆಳಗೆ ಕನಿಷ್ಠ 4 ಮಿ.ಮೀ. ಅಂಟು ಬೇಕು ಅಂದುಕೊಂಡರೆ ಸಿದ್ಧ ನೆಲ ಸ್ಕ್ರೀಡಿನಿಂದ 38 ಮಿ.ಮೀ. ಮೇಲೆ. ಆ ಎತ್ತರಕ್ಕೆ ದಾರ ಕಟ್ಟಿ, ಅಥವಾ ಲೇಸರ್ ಇಟ್ಟು, ದಪ್ಪ ಗುಂಪಿನಿಂದ ಶುರು ಮಾಡಿ. ತೆಳುವಿನಿಂದ ಶುರು ಮಾಡಿದರೆ ಮೂರನೇ ಸಾಲಿನಲ್ಲಿ ಒಂದು ದಪ್ಪ ಕಲ್ಲು ಬಂದು ನಿಮ್ಮ ಮಟ್ಟವನ್ನೆಲ್ಲ ಕೆಡಿಸುತ್ತದೆ, ಆಗ ಇಳಿಸುವುದಕ್ಕೆ ಜಾಗವೇ ಇರುವುದಿಲ್ಲ.

ಈಗ ಅಂಟಿನ ಲೆಕ್ಕ. ಸರಾಸರಿ ಕಲ್ಲು 25 ಮಿ.ಮೀ. ಅಂದರೆ ಸರಾಸರಿ ಅಂಟು 13 ಮಿ.ಮೀ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 1.4 ಕಿಲೋ ಪುಡಿ ಹಿಡಿಯುತ್ತದೆ. 24 ಚದರ ಮೀಟರಿಗೆ 437 ಕಿಲೋ, ಅಂದರೆ 20 ಕಿಲೋದ 22 ಚೀಲ. ಮೊದಲ ಸಲ ಹಾಕಿದವರು ಮಾಮೂಲಿ ಟೈಲ್ಸಿನ ಲೆಕ್ಕದಲ್ಲಿ 8 ಚೀಲಕ್ಕೆ ರೇಟು ಹೇಳಿದ್ದರು. ಅರ್ಧಕ್ಕೇ ಚೀಲ ಮುಗಿಯತೊಡಗಿದಾಗ ಉಂಡೆ ಇಟ್ಟು ಎತ್ತರ ಮುಟ್ಟಿಸಿದ್ದಾರೆ. ನಾನೂ ಕಡಿಮೆ ರೇಟು ನೋಡಿ ಖುಷಿಪಟ್ಟವನೇ.

ಎಲ್ಲ ಅಂಟೂ ಅಷ್ಟು ದಪ್ಪ ತಾಳುವುದಿಲ್ಲ. ಮಾಮೂಲಿ ಅಂಟನ್ನು 20 ಮಿ.ಮೀ. ಹಾಕಿದರೆ ಒಣಗುವಾಗ ಕುಗ್ಗುತ್ತದೆ, ಸಂಜೆ ಮಟ್ಟ ಇದ್ದ ಕಲ್ಲು ಬೆಳಿಗ್ಗೆ ಎರಡು ಮಿಲಿಮೀಟರ್ ಕುಸಿದಿರುತ್ತದೆ. ದಪ್ಪ ಹಾಸಿಗೆಗೆ ಅಂತಲೇ ಬರುವ ಅಂಟನ್ನು ಕೇಳಿ, ಚೀಲದ ಮೇಲೆ ಎಷ್ಟು ಮಿಲಿಮೀಟರ್ ತನಕ ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ. ತೀರಾ ತೆಳು ಕಲ್ಲುಗಳಿಗೆ ನಾನು ಮಾಡಿದ್ದು ಬೇರೆ. ಹಿಂದಿನ ದಿನವೇ ಅವುಗಳ ಬೆನ್ನಿಗೆ ಅದೇ ಅಂಟನ್ನು 8-10 ಮಿ.ಮೀ. ಸಮವಾಗಿ ಬಳಿದು, ಹಲ್ಲಿನ ಕರಣೆಯಿಂದ ಗೆರೆ ಎಳೆದು ಒಣಗಲು ಬಿಟ್ಟೆ. ಮರುದಿನ ಅವೂ ನಡು ದಪ್ಪದ ಕಲ್ಲುಗಳಾಗಿದ್ದವು.

ಕೂರಿಸುವಾಗ: ಬೆನ್ನಿನ ಧೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿ. ಅದಕ್ಕೆ ಅಂಟನ್ನು ತೆಳ್ಳಗೆ, ದೋಸೆ ಹಂಚಿಗೆ ಎಣ್ಣೆ ಸವರುವ ಹಾಗೆ, ಒಂದಿಂಚೂ ಬಿಡದೆ ಉಜ್ಜಿ. ನೆಲಕ್ಕೆ ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ. ಅಡ್ಡಾದಿಡ್ಡಿ ಸುಳಿ ಮಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಗೆರೆ ನೇರವಿದ್ದರೆ ಹೊರಗೆ ಓಡುತ್ತದೆ. ಕಲ್ಲನ್ನು ಇಟ್ಟು ಗೆರೆಗೆ ಅಡ್ಡಲಾಗಿ ಹಿಂದೆ ಮುಂದೆ ಆಡಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ. ಮೊದಲ ಐದು ಕಲ್ಲನ್ನು ಇಟ್ಟ ಕೂಡಲೇ ಮತ್ತೆ ಎತ್ತಿ ಬೆನ್ನು ನೋಡಿ. ಪೂರ್ತಿ ಹತ್ತಿದೆಯಾ? ಇಲ್ಲದಿದ್ದರೆ ಅಂಟು ಹೆಚ್ಚಿಸಿ. ಆಮೇಲೆ ಹತ್ತಕ್ಕೊಂದು ಎತ್ತಿ ನೋಡಿದರೆ ಸಾಕು. ಒರಟು ಮುಖಕ್ಕೆ ಗಾಜಿನವರ ಹೀರುಗುಂಡಿ ಹಿಡಿಯುವುದಿಲ್ಲ, ಕರಣೆಯನ್ನೇ ಮೀಟುಗೋಲು ಮಾಡಿ ಎತ್ತಬೇಕು. ಬೆರಳು ಹುಷಾರು.

ರಸಮಟ್ಟ ಇಟ್ಟರೆ ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಯಾವುದನ್ನು ನಂಬಲಿ?

ಒರಟು ಮುಖದ ಮೇಲೆ ರಸಮಟ್ಟ ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಕೂರುತ್ತದೆ, ಅದು ಕಲ್ಲಿನ ಮಟ್ಟವಲ್ಲ. ಎರಡು ಮೀಟರಿನ ನೇರ ಪಟ್ಟಿ ಇಟ್ಟು ನಾಲ್ಕೈದು ಕಲ್ಲು ಒಟ್ಟಿಗೆ ನೋಡಿ. ಅಂಚಿಗೆ ಅಂಚು ಕೂಡುವ ಕಡೆ ಕೈ ಬೆರಳು ಓಡಿಸಿ. ಊರಿನ ಗೌಂಡಿಗಳು ಕಣ್ಣು ಮುಚ್ಚಿ ಅಂಗೈ ಸವರಿ ಹೇಳುತ್ತಿದ್ದರು, ಅದಕ್ಕಿಂತ ಒಳ್ಳೆಯ ಮೀಟರ್ ನನಗೆ ಸಿಕ್ಕಿಲ್ಲ. ಊಟದ ಮೇಜು ಬರುವ ಜಾಗಕ್ಕೆ ಚಪ್ಪಟೆ ಕಲ್ಲು ಆರಿಸಿಡಿ, ಇಲ್ಲದಿದ್ದರೆ ಜೀವನವಿಡೀ ಮೇಜಿನ ಕಾಲಿಗೆ ಕಾಗದ ಮಡಚುತ್ತಿರಬೇಕು.

ಊರಲ್ಲಿ ಮರಳು-ಸಿಮೆಂಟ್ ಹಾಸಿ ಅದರ ಮೇಲೆ ಸಿಮೆಂಟ್ ಹಾಲು ಸುರಿದು ಕಲ್ಲು ಕೂರಿಸುತ್ತಾರಲ್ಲ. ಇಲ್ಲಿ ಆಗಲ್ವಾ?

ಆಗುತ್ತದೆ, ದಪ್ಪ ಕಲ್ಲಿಗೆ ಅದು ಸರಿಯಾದ ದಾರಿ ಕೂಡ. ಆದರೆ ಹಾಲು ಸುರಿದು ಬಿಟ್ಟರೆ ಕೆಳಗೆ ಅಲ್ಲಲ್ಲಿ ಟೊಳ್ಳು ಉಳಿಯುತ್ತದೆ. ಊರಲ್ಲಿ ಅದು ನಡೆಯುತ್ತದೆ, ಅಲ್ಲಿ ನೆಲ ತಣ್ಣಗಿದ್ದರೆ ಯಾರೂ ದೂರುವುದಿಲ್ಲ! ಬಿಸಿ ನೆಲಕ್ಕಾದರೆ ಹಾಸಿಗೆಯನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ಕಲ್ಲಿನ ಬೆನ್ನಿಗೂ ಅಂಟಿನ ಗಂಜಿ ಬಳಿದು ಕೂರಿಸಬೇಕು. 60 ಮಿ.ಮೀ. ದಪ್ಪದ ಹಳೇ ಯಾರ್ಕ್ ಕಲ್ಲಿನ (ಈ ಕಡೆಯ ಮರಳುಗಲ್ಲು) ಚಪ್ಪಡಿಗಳನ್ನು ಇಲ್ಲಿ ಹೀಗೇ ಹಾಕುತ್ತಾರೆ. ಅದನ್ನು ಟೈಲ್ ಅಂಟಿನಲ್ಲಿ ಹಾಕಲು ಹೋದರೆ ಮನೆ ಮಾರಬೇಕು.

ಮನೆ ಇನ್ನೂರು ವರ್ಷ ಹಳೆಯದು, ನೆಲದ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಇಲ್ಲ. ಏನು ಮಾಡಲಿ?

ಕಾಂಕ್ರೀಟು ಸುರಿಯುವ ಮೊದಲು ಯೋಚಿಸಿ. ಹಳೇ ನೆಲದ ಮೂಲಕ ಆವಿಯಾಗಿ ಹೋಗುತ್ತಿದ್ದ ತೇವ, ಕೆಳಗೆ ಪ್ಲಾಸ್ಟಿಕ್ ಬಿದ್ದರೆ ಗೋಡೆ ಹಿಡಿದು ಏರುತ್ತದೆ. ಇಂಥ ಮನೆಗಳಿಗೆ ನೊರೆಗಾಜಿನ ಜಲ್ಲಿ (ಗಾಜನ್ನು ನೊರೆಯಂತೆ ಉಬ್ಬಿಸಿ ಮಾಡಿದ ಹಗುರ ತುಂಡುಗಳು) ಹಾಸಿ, ಅದರ ಮೇಲೆ ಪೈಪು ಇಟ್ಟು ಸುಣ್ಣದ ಕಾಂಕ್ರೀಟು, ಸುಣ್ಣದ ಗಾರೆಯಲ್ಲೇ ಕಲ್ಲು, ಸಂದಿಗೂ ಸುಣ್ಣ. ನಿಧಾನದ ಕೆಲಸ. ಆದರೆ ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಕೆಲಸವೇ.

ಯಾವ ಅಂಟು ತರಲಿ? ಚೀಲದ ಮೇಲೆ ಏನೇನೋ ಬರೆದಿರುತ್ತದೆ.

‘ಸಿ2’ ಮತ್ತು ‘ಎಸ್1’ ಎರಡೂ ಇರಲಿ. ಸಿ2 ಅಂದರೆ ಗಟ್ಟಿ ಹಿಡಿತ, ಎಸ್1 ಅಂದರೆ ಬಿಸಿಗೆ ನೆಲ ಹಿಗ್ಗಿ ಕುಗ್ಗಿದಾಗ ಸ್ವಲ್ಪ ಬಾಗುವ ಗುಣ. ಮರದ ನೆಲಕ್ಕಾದರೆ ಎಸ್2. ತಿಳಿ ಬಣ್ಣದ ಕಲ್ಲಿಗೆ ಬಿಳಿ ಅಂಟೇ ಬೇಕು, ಬೂದು ಬಣ್ಣ ಒಳಗಿಂದ ಇಣುಕುತ್ತದೆ. ಹಸಿರು ಮಾರ್ಬಲ್ ಕೆಲವು ನೀರು ಕುಡಿದರೆ ಬಾಗುತ್ತವೆ, ಅದಕ್ಕೆ ನೀರು ಕಲಸದ ರೆಸಿನ್ ಅಂಟು. ಕಲ್ಲಿನ ಬೆನ್ನಿಗೆ ರೆಸಿನ್ನಿನಲ್ಲಿ ಬಲೆ ಅಂಟಿಸಿದ್ದರೆ ಕಲ್ಲು ಮಾರಿದವರನ್ನೇ ಕೇಳಿ, ಸಿಮೆಂಟ್ ಅಂಟು ಆ ರೆಸಿನ್ನಿಗೆ ಸರಿಯಾಗಿ ಹಿಡಿಯುವುದಿಲ್ಲ.

ಅನ್‌ಕಪ್ಲಿಂಗ್ ಮ್ಯಾಟ್ ಬೇಕಾ?

ಸ್ಕ್ರೀಡಿಗೂ ಕಲ್ಲಿಗೂ ನಡುವೆ ಹಾಸುವ ಗುಳಿ ಗುಳಿಯ ಪ್ಲಾಸ್ಟಿಕ್ ಹಾಳೆ ಅದು, ಸ್ಕ್ರೀಡ್ ಹೊಸತಾಗಿದ್ದರೆ ಹಾಕಿ. ಕೆಳಗೆ ಬಿರುಕು ಬಿಟ್ಟರೂ ಕಲ್ಲಿಗೆ ಮುಟ್ಟದಂತೆ ನಡುವೆ ಜಾರುಪದರವಾಗಿ ಕೆಲಸ ಮಾಡುತ್ತದೆ. ಅದು ಇದೆ ಅಂತ ಸ್ಕ್ರೀಡ್ ಒಣಗಿಸುವುದನ್ನು ಬಿಡಬೇಡಿ. ಅದರ ಚೌಕದ ಗುಳಿಗಳನ್ನೆಲ್ಲ ಅಂಟಿನಿಂದ ತುಂಬಬೇಕು, ಇಲ್ಲದಿದ್ದರೆ ಮತ್ತೆ ಅದೇ ಗಾಳಿ.

ಸಂದು ಎಷ್ಟು ಬಿಡಬೇಕು?

ಒರಟು ಅಂಚಿನ ಕಲ್ಲಿಗೆ 8ರಿಂದ 12 ಮಿ.ಮೀ. ಸಣ್ಣ ಸಂದು ಅಂದ ಅಂತ 3 ಬಿಟ್ಟರೆ ಪಕ್ಕದ ಕಲ್ಲಿನ ಎತ್ತರದ ವ್ಯತ್ಯಾಸ ಮೆಟ್ಟಿಲಿನಂತೆ ಕಾಣುತ್ತದೆ. ಅಗಲ ಸಂದು ಆ ವ್ಯತ್ಯಾಸವನ್ನು ಇಳಿಜಾರಾಗಿಸಿ ಮುಚ್ಚುತ್ತದೆ.

ಇದಲ್ಲದೆ ಹಿಗ್ಗುವುದಕ್ಕೆ ಜಾಗ ಬೇಕು. ಗೋಡೆ ಸುತ್ತ ಕನಿಷ್ಠ 5 ಮಿ.ಮೀ. ಖಾಲಿ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚಿ. ಬಿಸಿ ನೆಲವನ್ನು ಒಂದೇ ತುಂಡಾಗಿ 40 ಚದರ ಮೀಟರ್ ಅಥವಾ 8 ಮೀಟರ್ ಉದ್ದಕ್ಕಿಂತ ಜಾಸ್ತಿ ಹೋಗಲು ಬಿಡಬೇಡಿ. ಎಂಟು ಮೀಟರ್ ನೆಲ 15 ಡಿಗ್ರಿ ಬಿಸಿಯಾದರೆ ಒಂದು ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಒಂದು ಮಿಲಿಮೀಟರ್ ತಾನೆ ಅಂತೀರಿ. ಗೋಡೆಗೆ ಗೋಡೆ ಬಿಗಿಯಾಗಿ ಕೂತಿದ್ದರೆ ಅಷ್ಟೇ ಸಾಕು, ನಡುವಿನ ಎರಡು ಕಲ್ಲು ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ಸ್ಕ್ರೀಡಿನಲ್ಲಿ ಎಲ್ಲಿ ಬಿಡುವು ಇದೆಯೋ ಅದೇ ಗೆರೆಯಲ್ಲಿ ಕಲ್ಲಿನಲ್ಲೂ ಬಿಡಬೇಕು, ಬಾಗಿಲ ಹೊಸ್ತಿಲಲ್ಲಂತೂ ಕಡ್ಡಾಯ. ಅಲ್ಲಿಗೆ ಕಲ್ಲಿಗೆ ಕಲೆ ಮಾಡದ ನ್ಯೂಟ್ರಲ್ ಸಿಲಿಕೋನ್ ತುಂಬಿ, ಗ್ರೌಟ್ (ಮಿಕ್ಕ ಸಂದಿಗೆ ತುಂಬುವ ಗಾರೆ) ಅಲ್ಲ.

ಗ್ರೌಟ್ ಕಲ್ಲಿನ ಗುಳಿಗಳಲ್ಲಿ ಕೂತುಬಿಟ್ಟಿದೆ, ಹೋಗುತ್ತಿಲ್ಲ.

ಗ್ರೌಟ್ ಮಾಡುವ ಮೊದಲೇ ಒಂದು ಕೈ ಸೀಲರ್ (ಕಲ್ಲು ಕಲೆ ಹೀರದಂತೆ ಹಚ್ಚುವ ದ್ರವ) ಹಚ್ಚಬೇಕಿತ್ತು. ಈಗ ಆಗಿಹೋಗಿದೆಯಲ್ಲ, ಪ್ಲಾಸ್ಟಿಕ್ ಬ್ರಷ್ಷು, ನೀರು, ತಾಳ್ಮೆ. ಸುಣ್ಣಕಲ್ಲಾದರೆ ಅಂಗಡಿಯ ಗ್ರೌಟ್ ತೆಗೆಯುವ ಆಸಿಡ್ ಮಾತ್ರ ಬೇಡ, ಕಲ್ಲನ್ನೇ ತಿನ್ನುತ್ತದೆ. ಮುಂದಿನ ಸಲ ಗ್ರೌಟನ್ನು ಚೀಲದಲ್ಲಿ ತುಂಬಿ, ಮೆಹಂದಿ ಕೋನಿನ ಹಾಗೆ ಹಿಂಡಿ ಸಂದಿಗಷ್ಟೇ ಬಿಡಿ.

ಅಡುಗೆಮನೆಗೆ ಸುಣ್ಣಕಲ್ಲು ಸರಿಯಾ? ನಮ್ಮದು ಹುಣಸೆಹುಳಿ, ನಿಂಬೆಹಣ್ಣಿನ ಮನೆ.

ನಮ್ಮದೂ. ಶಹಾಬಾದ್, ತಾಂಡೂರು, ಕಡಪ, ಕೋಟಾ ಎಲ್ಲವೂ ಸುಣ್ಣಕಲ್ಲೇ, ಹುಳಿ ಬಿದ್ದ ಕಡೆ ಮಂಕಾಗುತ್ತದೆ. ಸೀಲರ್ ಎಣ್ಣೆ-ಅರಿಶಿನ ಒಳಗಿಳಿಯುವುದನ್ನು ನಿಧಾನ ಮಾಡುತ್ತದೆ, ಹುಳಿಯನ್ನು ತಡೆಯುವುದಿಲ್ಲ. ಒರಟು ಮುಖದಲ್ಲಿ ಆ ಮಂಕು ಅಷ್ಟು ಕಾಣುವುದಿಲ್ಲ ಅನ್ನುವುದೇ ಸಮಾಧಾನ. ಪಾಲಿಶ್ ಮಾಡಿದ ಕಪ್ಪು ಕಡಪವಾದರೆ ಒಂದೇ ಸಾರಿನ ಹನಿಗೆ ಗುರುತು. ಸೀಲರ್ ಒಳಗಿಳಿಯುವ ಜಾತಿಯದಿರಲಿ. ಮೇಲೆ ಪೊರೆ ಕಟ್ಟುವಂಥದ್ದು ಬೇಡ. ಹಚ್ಚುವಾಗ ಬಿಸಿ ಆರಿಸಿರಬೇಕು.

ಎಷ್ಟು ಡಿಗ್ರಿ ಇಡಲಿ? ಬೆಳಿಗ್ಗೆ ಆನ್, ರಾತ್ರಿ ಆಫ್ ಮಾಡಬಹುದಾ?

ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು, ಬಾತ್‌ರೂಮಿನಲ್ಲಿ 33. ನೆಲ 29, ಕೋಣೆ 20 ಇದ್ದರೆ ಚದರ ಮೀಟರಿಗೆ ಸುಮಾರು 100 ವ್ಯಾಟ್ ಬಿಸಿ ಬರುತ್ತದೆ, ಇನ್ಸುಲೇಶನ್ ಚೆನ್ನಾಗಿರುವ ಮನೆಗೆ ಅಷ್ಟು ಬೇಕಾಗುವುದೂ ಇಲ್ಲ.

ಆನ್-ಆಫ್ ಆಟ ಬೇಡ. 70 ಮಿ.ಮೀ. ಸ್ಕ್ರೀಡು, ಮೇಲೆ 30 ಮಿ.ಮೀ. ಕಲ್ಲು ಸೇರಿ ಚದರ ಮೀಟರಿಗೆ ಇನ್ನೂರಿಪ್ಪತ್ತು ಕಿಲೋ. ಅದನ್ನು 10 ಡಿಗ್ರಿ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು, 100 ವ್ಯಾಟಿನಲ್ಲಿ ಐದೂವರೆ ಗಂಟೆ. ಏಳಕ್ಕೆ ಏಳುವವರು ರಾತ್ರಿ ಒಂದೂವರೆಗೆ ಹಚ್ಚಬೇಕು! ಅದರ ಬದಲು ರಾತ್ರಿ ಎರಡು ಮೂರು ಡಿಗ್ರಿ ಇಳಿಸಿ ಬಿಡಿ. ಇದು ಕುಕ್ಕರ್ ಅಲ್ಲ, ಮಣ್ಣಿನ ಒಲೆ. ಕಾಯಲು ತಡ, ಆರಲೂ ತಡ.

ಮಹಡಿಯ ಮರದ ನೆಲದ ಮೇಲೆ ಹಾಕಬಹುದಾ?

ಮೊದಲು ತೊಲೆ ತಾಳುತ್ತದಾ ಅಂತ ಎಂಜಿನಿಯರ್‌ಗೆ ತೋರಿಸಿ. 30 ಮಿ.ಮೀ. ಕಲ್ಲು ಮಾತ್ರವೇ ಚದರ ಮೀಟರಿಗೆ 78 ಕಿಲೋ. ತಾಳಿದರೂ ಬಾಗಿದರೆ ಕಲ್ಲು ಬಿರಿಯುತ್ತದೆ. ನನ್ನನ್ನು ಕೇಳಿದರೆ ಮಹಡಿಗೆ ತೆಳು ಟೈಲ್ಸ್ ಹಾಕಿ.

ಬಿಸಿಗೆ ಕಲ್ಲೇ ಒಡೆಯಲ್ವಾ?

29 ಡಿಗ್ರಿಗೆ? ನಮ್ಮೂರಿನ ಅಂಗಳದ ಫರ್ಸಿ ಮೇ ತಿಂಗಳಲ್ಲಿ ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಅದಕ್ಕೇನೂ ಆಗುವುದಿಲ್ಲ. ಒಡೆಯುವುದು ಕೆಳಗಿನ ಸ್ಕ್ರೀಡ್ ಬಿರಿದಾಗ, ಅಥವಾ ಟೊಳ್ಳಿನ ಮೇಲೆ ಭಾರ ಬಿದ್ದಾಗ. ಪದರ ಪದರವಾಗಿ ಏಳುವ ಅಗ್ಗದ ಸ್ಲೇಟ್ ಮಾತ್ರ ಬೇರೆ ಮಾತು, ಕೊಳ್ಳುವಾಗಲೇ ಉಗುರಿನಿಂದ ಅಂಚು ಕೆರೆದು ನೋಡಿ.

ಹಾಕಿ ಆಗಿದೆ. ಒಂದು ಕಲ್ಲು ಟೊಳ್ಳು ಸದ್ದು ಮಾಡುತ್ತಿದೆ. ಎಬ್ಬಿಸಲಾ?

ಮೂಲೆಯಲ್ಲಿ ಅಂಗೈಯಗಲ ಟೊಳ್ಳು, ಕಲ್ಲು ಅಲುಗಾಡುತ್ತಿಲ್ಲ, ಬಿಸಿಯೂ ಬರುತ್ತಿದೆ ಅಂದರೆ ಬಿಟ್ಟುಬಿಡಿ. ನಡುವೆಲ್ಲ ಟೊಳ್ಳು, ಅಥವಾ ಓಡಾಡುವ ದಾರಿಯಲ್ಲಿದ್ದರೆ ಎಬ್ಬಿಸಿ. ತೂತು ಕೊರೆದು ರೆಸಿನ್ ತುಂಬುವವರಿದ್ದಾರೆ, ಆದರೆ ಡ್ರಿಲ್ ಹಿಡಿಯುವ ಮೊದಲು ಪೈಪು ಎಲ್ಲಿದೆ ಅಂತ ಗೊತ್ತಿರಬೇಕು. ನೆಲ ಪೂರ್ತಿ ತಣ್ಣಗಿರುವಾಗ ಬಿಸಿ ಹಚ್ಚಿ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಮೊದಮೊದಲು ಪೈಪಿನ ಗೆರೆ ಕಾಣುತ್ತದೆ, ಆಮೇಲೆ ಬಿಸಿ ಹರಡಿ ಮಸುಕಾಗುತ್ತದೆ. ದಪ್ಪ ಕಲ್ಲಿನಲ್ಲಿ ಮೊದಲಿನಿಂದಲೇ ಮಸುಕು. ಅದಕ್ಕೇ ಸ್ಕ್ರೀಡ್ ಸುರಿಯುವ ಹಿಂದಿನ ದಿನ ಗೋಡೆಯಿಂದ ಅಳತೆ ಟೇಪು ಹಾಸಿಟ್ಟು ಪೈಪಿನ ಫೋಟೋ ತೆಗೆಯಿರಿ ಅನ್ನುವುದು. ನಾನು ತೆಗೆದಿದ್ದೆ, ಟೇಪು ಇಡುವುದನ್ನು ಮರೆತಿದ್ದೆ. ಕೊನೆಗೆ ಫೋಟೋದಲ್ಲಿ ಮೂಲೆಗೆ ಬಿದ್ದಿದ್ದ ಮಗಳ ಚಪ್ಪಲಿಯನ್ನೇ ಅಳತೆಗೋಲು ಮಾಡಿಕೊಂಡು, ಚಪ್ಪಲಿಯಿಂದ ಗೋಡೆಗೆ ಎಷ್ಟು, ಪೈಪಿಗೆ ಎಷ್ಟು ಅಂತ ಲೆಕ್ಕ ಹಾಕಿ, ಬಾಗಿಲ ಹತ್ತಿರದ ಆ ಮೂರು ಕಲ್ಲು ಎಬ್ಬಿಸಿದೆ.